ಬಚ್ಚಲುಮನೆ ನವೀಕರಣ: ನಲ್ಲಿ, ಕಮೋಡ್, ಮಿಕ್ಸರ್ ಎಲ್ಲಿ ಕೊಳ್ಳಬೇಕು?

ಹಳೆಯ ಬಚ್ಚಲುಮನೆಯನ್ನು ಒಡೆದು ಹೊಸದು ಮಾಡಿಸಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಯಾವ ಕಂಪನಿ ಒಳ್ಳೆಯದು, ಎಲ್ಲಿ ಕಡಿಮೆಗೆ ಸಿಗುತ್ತದೆ. ಇವೆರಡಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಐದಾರು ವರ್ಷ ಕಳೆದ ಮೇಲೆ, ಬಿಸಿನೀರು ತಣ್ಣೀರು ಬೆರೆಸುವ ಈ ಮಿಕ್ಸರ್ ಸೋರಲು ಶುರುವಾದರೆ, ಅದರೊಳಗೆ ನೀರನ್ನು ಬಿಟ್ಟು ನಿಲ್ಲಿಸುವ ಬಿಡಿಭಾಗವಾದ ಕಾರ್ಟ್ರಿಜ್ ಯಾರ ಬಳಿ ಸಿಗುತ್ತದೆ? ಗೋಡೆಯ ಹೊರಗಿರುವ ನಲ್ಲಿಯಾದರೆ ಹಳೆಯದನ್ನು ತಿರುಗಿಸಿ ತೆಗೆದು ಹೊಸದು ಹಾಕಬಹುದು. ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ, ಗೋಡೆಯೊಳಗೆ ಹೂತ ಡೈವರ್ಟರ್ ಕೆಟ್ಟು, ಬಿಡಿಭಾಗ ಸಿಗದೆ ಹೋದರೆ ಟೈಲ್ಸ್ ಒಡೆಯಬೇಕಾಗುತ್ತದೆ. ಅಂಥದೇ ಟೈಲ್ಸ್ ಮತ್ತೆ ಸಿಗುವುದಿಲ್ಲ. ಹಾಗಾಗಿ ಎಲ್ಲಿ ಕೊಳ್ಳಬೇಕೆಂಬುದನ್ನು ವಸ್ತುವಿನ ಬೆಲೆಗಿಂತ ಹೆಚ್ಚಾಗಿ, ಅದು ಮನೆಯ ಯಾವ ಜಾಗದಲ್ಲಿ ಕೂರುತ್ತದೆ ಎಂಬುದರ ಮೇಲೆ ತೀರ್ಮಾನಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಳತೆ, ಆಮೇಲೆ ಅಂಗಡಿ

ಹೊಸ ಮನೆ ಕಟ್ಟುವಾಗ ಪೈಪನ್ನು ಕಮೋಡಿಗೆ ತಕ್ಕಂತೆ ಇಡಬಹುದು. ನವೀಕರಣದಲ್ಲಿ ಪೈಪು ಇರುವ ಕಡೆಗೆ ಕಮೋಡ್ ಹೊಂದಿಕೊಳ್ಳಬೇಕು. ಮೇಲಿನ ಮಹಡಿಯ ಬಚ್ಚಲು ಅಥವಾ ಅಪಾರ್ಟ್‌ಮೆಂಟ್ ಆದರಂತೂ ಕೆಳಗಿನ ಮನೆಯವರ ಸೂರಿನ ಮೇಲೆ ಹಾದುಹೋಗುವ ಡ್ರೈನೇಜ್ ಪೈಪನ್ನು ಸರಿಸುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕಮೋಡಿನ ಹೊರದಾರಿ ನೆಲದೊಳಗೆ ಇಳಿದರೆ ಅದು ಎಸ್ ಟ್ರ್ಯಾಪ್. ಹಿಂದಿನ ಗೋಡೆಯೊಳಗೆ ಹೋದರೆ ಪಿ ಟ್ರ್ಯಾಪ್. ನಿಮ್ಮ ಮನೆಯಲ್ಲಿ ಯಾವುದಿದೆ ಎಂದು ನೋಡಿಕೊಳ್ಳಿ. ಎಸ್ ಟ್ರ್ಯಾಪ್ ಆಗಿದ್ದರೆ ಹಿಂದಿನ ಗೋಡೆಯಿಂದ ನೆಲದ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆಯಿರಿ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 4 ಇಂಚು, 9 ಇಂಚು ಮತ್ತು 12 ಇಂಚಿನ ಮಾದರಿಗಳು. ಈ ಅಳತೆ ಟೈಲ್ಸ್ ಕೂರಿಸಿ ಮುಗಿದ ಗೋಡೆಯಿಂದ ಲೆಕ್ಕ. ಹಳೆಯ ಟೈಲ್ಸ್ ಕೀಳದೆ ಅದರ ಮೇಲೆಯೇ ಹೊಸದನ್ನು ಅಂಟಿಸುವುದಾದರೆ ಟೈಲ್ಸ್ ಮತ್ತು ಅಂಟು ಸೇರಿ ಅರ್ಧ ಇಂಚಿಗೂ ಹೆಚ್ಚು ಜಾಗ ತಿನ್ನುತ್ತವೆ. 9 ಇಂಚಿದ್ದದ್ದು ಎಂಟೂವರೆಗೆ ಇಳಿದರೆ 9 ಇಂಚಿನ ಕಮೋಡಿನ ಹಿಂಭಾಗ ಗೋಡೆಗೆ ತಗುಲಿ, ಅದು ಪೈಪಿನ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಕಮೋಡನ್ನು ವಾಪಸು ಕೊಡುವ ಪ್ರಸಂಗ ಬರುವುದು ಈ ಅರ್ಧ ಇಂಚಿನಿಂದಲೇ.

ಎರಡನೆಯದು ನೀರಿನ ಒತ್ತಡ. ಶೋರೂಮಿನಲ್ಲಿ ಅಗಲವಾದ ರೇನ್ ಶವರ್ ಸುರಿಯುವುದು ಕಂಡು ಮನಸೋಲುವುದು ಸುಲಭ. ಅಲ್ಲಿ ಅದರ ಹಿಂದೆ ಪಂಪ್ ಇರುತ್ತದೆ. ನಿಮ್ಮ ಮನೆಯಲ್ಲಿ ಇರುವುದು ತಾರಸಿಯ ಮೇಲಿನ ಟ್ಯಾಂಕ್. ನೀರಿನ ಮಟ್ಟ ಶವರಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ, ಅಥವಾ ತಾರಸಿಯ ಕೆಳಗಿನ ಮೇಲ್ಮಹಡಿಯ ಬಚ್ಚಲಿನಲ್ಲಿ, ಟ್ಯಾಂಕಿನ ನೀರಿಗೂ ಶವರಿಗೂ ನಡುವೆ ಎರಡೂವರೆ ಮೂರು ಮೀಟರ್ ಅಂತರವಿದ್ದರೆ ಹೆಚ್ಚು. ಅಂದರೆ ಕಾಲು ಬಾರಿನ ಆಸುಪಾಸು. ಅಷ್ಟರಲ್ಲಿ ರೇನ್ ಶವರಿನ ನಡುವಿನ ನಾಲ್ಕು ತೂತುಗಳಿಂದ ನೀರು ತೊಟ್ಟಿಕ್ಕುತ್ತದೆ, ಅಷ್ಟೇ. ಟೇಪು ಹಿಡಿದು ಈ ಎತ್ತರವನ್ನೂ ಬರೆದುಕೊಳ್ಳಿ. ಅಂಗಡಿಯಲ್ಲಿ "ಇದಕ್ಕೆ ಕನಿಷ್ಠ ಎಷ್ಟು ಬಾರ್ ಬೇಕು?" ಎಂದು ಕೇಳಿ. ಉತ್ತರ ಪೆಟ್ಟಿಗೆಯ ಮೇಲೋ ಕ್ಯಾಟಲಾಗಿನಲ್ಲೋ ಇರುತ್ತದೆ. ತೋರಿಸಲು ಆಗದ ಅಂಗಡಿಯವರ ಭರವಸೆಯನ್ನು ನೆಚ್ಚಿಕೊಳ್ಳಬೇಡಿ.

ಸೋಲಾರ್ ಹೀಟರ್ ಇರುವ ಮನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶವರಿಗೆ ವೇಗ ಬರಲಿ ಎಂದು ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿ, ಬಿಸಿನೀರನ್ನು ಸೋಲಾರ್ ಟ್ಯಾಂಕಿನಿಂದ ತಾನಾಗಿ ಇಳಿಯಲು ಬಿಟ್ಟರೆ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ನಲ್ಲಿ ತಿರುಗಿಸಿದರೂ ಬಿಸಿನೀರು ಬರುವುದಿಲ್ಲ, ದೋಷ ಮಾತ್ರ ಮಿಕ್ಸರಿನ ಮೇಲೆ ಬರುತ್ತದೆ. ಎರಡೂ ಲೈನಿನ ಒತ್ತಡ ಹೆಚ್ಚುಕಡಿಮೆ ಸಮನಾಗಿರಬೇಕು. ಈ ವಿಷಯವನ್ನು ಅಂಗಡಿಗೆ ಹೋಗುವ ಮೊದಲೇ ಪ್ಲಂಬರ್ ಜೊತೆ ಇತ್ಯರ್ಥ ಮಾಡಿಕೊಳ್ಳಿ.

ಮೂರನೆಯದಾಗಿ, ಮನೆಗೆ ಬರುವುದು ಕಾವೇರಿ ನೀರೋ ಕೊಳವೆಬಾವಿಯ ನೀರೋ? ಪಾತ್ರೆಯ ಅಂಚಿನಲ್ಲಿ ಬಿಳಿ ಕಲೆ ಕಟ್ಟುವ ಗಡಸು ನೀರಾದರೆ ಕಪ್ಪು ಬಣ್ಣದ ಮ್ಯಾಟ್ ನಲ್ಲಿಗಳ ಆಸೆ ಬಿಡುವುದು ಒಳ್ಳೆಯದು. ಅವುಗಳ ಮೇಲೆ ಪ್ರತಿ ಹನಿಯೂ ಕಲೆಯಾಗಿ ಉಳಿಯುತ್ತದೆ. ಶವರಿನ ತೂತುಗಳು ಬೆರಳಿನಿಂದ ಉಜ್ಜಿದರೆ ಬಿಟ್ಟುಕೊಳ್ಳುವ ರಬ್ಬರಿನವಾಗಿರಲಿ.

ಪಟ್ಟಿಯನ್ನು ಮೂರು ಪಾಲು ಮಾಡಿ

ಮೊದಲ ಪಾಲು ಗೋಡೆಯೊಳಗೆ ಹೋಗುವ ವಸ್ತುಗಳದ್ದು: ಬಿಸಿನೀರು ತಾಳುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪು ಮತ್ತು ಅದರ ಜೋಡಣೆಗಳು, ಡೈವರ್ಟರಿನ ಒಳಭಾಗ, ನೀರು ನಿಲ್ಲಿಸಲು ಗೋಡೆಯೊಳಗೆ ಹೂಳುವ ಕನ್ಸೀಲ್ಡ್ ಸ್ಟಾಪ್ ಕಾಕ್, ಗೋಡೆಗೆ ತೂಗುಹಾಕುವ ಕಮೋಡ್ ಆದರೆ ಅದರ ಗೋಡೆಯೊಳಗಿನ ಫ್ಲಶ್ ಟ್ಯಾಂಕ್, ಅಂದರೆ ಸಿಸ್ಟರ್ನ್. ಎರಡನೆಯದರಲ್ಲಿ ಗೋಡೆಯ ಹೊರಗಿದ್ದರೂ ದಿನವೂ ದುಡಿಯುವಂಥವು ಬರುತ್ತವೆ. ಕಮೋಡ್, ವಾಶ್ ಬೇಸಿನ್, ಅದರ ಮೇಲೆ ನಿಲ್ಲುವ ನಲ್ಲಿ (ಪಿಲ್ಲರ್ ಕಾಕ್), ಗೋಡೆಯ ಮೇಲಿನ ವಾಲ್ ಮಿಕ್ಸರ್, ಬಕೆಟ್ ತುಂಬುವ ಗೋಡೆ ನಲ್ಲಿ (ಬಿಬ್ ಕಾಕ್), ಸಿಸ್ಟರ್ನ್, ಗೀಸರಿನಂಥವಕ್ಕೆ ನೀರು ಬಿಡುವ ಚಿಕ್ಕ ನಲ್ಲಿ (ಆಂಗಲ್ ಕಾಕ್) ಎಲ್ಲ ಇಲ್ಲಿ. ಟವೆಲ್ ರಾಡ್, ಸೋಪಿನ ತಟ್ಟೆ, ಕೊಕ್ಕೆ, ಹೆಲ್ತ್ ಫಾಸೆಟ್, ಕನ್ನಡಿಯಂತಹ, ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಿಸಬಹುದಾದ ವಸ್ತುಗಳು ಮೂರನೆಯ ಪಾಲಿಗೆ.

ಮೊದಲ ಪಾಲಿನಲ್ಲಿ ಹಣ ಉಳಿಸಲು ಹೋಗಬೇಡಿ. ಕೆಲಸದ ನಡುವೆ ಕಡಿಮೆ ಬೀಳುವ ಸಣ್ಣ ಜೋಡಣೆಗಳನ್ನು ಬಿಟ್ಟು ಉಳಿದದ್ದನ್ನು ಕಂಪನಿಯ ಅಧಿಕೃತ ಡೀಲರ್ ಬಳಿಯೇ, ಪಕ್ಕಾ ಬಿಲ್ಲಿನೊಂದಿಗೆ ಕೊಳ್ಳಿ. ಮೂರನೆಯ ಪಾಲನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು. ಚೌಕಾಸಿಗೂ ಹುಡುಕಾಟಕ್ಕೂ ನಿಜವಾದ ಜಾಗ ಇರುವುದು ಎರಡನೆಯ ಪಾಲಿನಲ್ಲಿ.

ಡೈವರ್ಟರಿನ ಬಗ್ಗೆ ಒಂದು ಎಚ್ಚರಿಕೆ. ಅದರ ಒಳಭಾಗ ಮತ್ತು ಹೊರಗೆ ಕಾಣುವ ಹಿಡಿ, ತಟ್ಟೆಗಳು ಬೇರೆ ಬೇರೆ ಮಾದರಿ ಕೋಡ್‌ನಲ್ಲಿ ಮಾರಾಟವಾಗುತ್ತವೆ. ಒಂದು ಕಂಪನಿಯ ಒಳಭಾಗಕ್ಕೆ ಇನ್ನೊಂದು ಕಂಪನಿಯ ಹೊರಭಾಗ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ಎಲ್ಲ ಮಾದರಿಗಳು ಪರಸ್ಪರ ಹೊಂದುವುದಿಲ್ಲ. ಒಳಭಾಗವನ್ನು ಈಗ ತಂದು, ಹೊರಭಾಗವನ್ನು ಟೈಲ್ಸ್ ಮುಗಿದ ಮೇಲೆ ನೋಡೋಣ ಎಂದುಕೊಂಡರೆ ಅಷ್ಟರಲ್ಲಿ ಆ ಮಾದರಿ ನಿಂತುಹೋಗಿರಬಹುದು. ಎರಡನ್ನೂ ಒಂದೇ ದಿನ, ಒಂದೇ ಬಿಲ್ಲಿನಲ್ಲಿ ಕೊಂಡು, ಹೊರಭಾಗದ ಪೆಟ್ಟಿಗೆಯನ್ನು ಧೂಳು ತಾಗದ ಕಡೆ ಎತ್ತಿಡಿ.

ಯಾವ ಅಂಗಡಿಯಲ್ಲಿ ಏನು

ಜಾಗ್ವಾರ್, ಕೊಹ್ಲರ್, ಸೆರಾ, ಹಿಂದ್‌ವೇರ್, ಪ್ಯಾರಿವೇರ್ ಮುಂತಾದ ಕಂಪನಿಗಳ ಪ್ರದರ್ಶನ ಮಳಿಗೆಗಳು ದೊಡ್ಡ ಊರುಗಳಲ್ಲಿವೆ. ಅಲ್ಲಿಗೆ ಕೊಳ್ಳಲಿಕ್ಕಲ್ಲದಿದ್ದರೂ ನೋಡಲಿಕ್ಕೆಂದು ಹೋಗಿ ಬನ್ನಿ. ಕಮೋಡಿನ ಮೇಲೆ ಕೂತು ಎತ್ತರ ನೋಡಬಹುದು. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಕೂರಿಸಿ ಏಳಿಸಿ ನೋಡಿ. ಇದು ಯಾವ ಫೋಟೋದಲ್ಲೂ ತಿಳಿಯುವ ವಿಷಯವಲ್ಲ. ಇಷ್ಟವಾದವುಗಳ ಕೋಡ್ ಮತ್ತು ಎಂಆರ್‌ಪಿ ಬರೆದುಕೊಳ್ಳಿ.

ಆ ಕೋಡ್‌ಗಳನ್ನು ಹಿಡಿದು ಹಲವು ಕಂಪನಿಗಳ ಮಾಲು ಇಡುವ ಸ್ಯಾನಿಟರಿ ಅಂಗಡಿಗೆ ಹೋಗಿ. ಒಂದೇ ಬಚ್ಚಲಿಗೂ ಪಟ್ಟಿ ಕೊಟ್ಟರೆ ಅವರು ಕೊಟೇಶನ್ ಬರೆದುಕೊಡುತ್ತಾರೆ. ಕನಿಷ್ಠ ಎರಡು ಅಂಗಡಿಗಳಿಂದ, ಅದೇ ಕೋಡ್‌ಗಳಿಗೆ ಕೊಟೇಶನ್ ತೆಗೆದುಕೊಳ್ಳಿ. "ಅದರಂಥದ್ದೇ ಇನ್ನೊಂದಿದೆ" ಎಂದು ಮಾದರಿ ಬದಲಿಸಿ ಕೊಟ್ಟ ಬೆಲೆಯನ್ನು ಹೋಲಿಸಲು ಬರುವುದಿಲ್ಲ.

ಬೆಂಗಳೂರಿನವರಿಗೆ ಕೆ.ಆರ್. ಮಾರುಕಟ್ಟೆಯ ಬಳಿಯ ಎಸ್‌ಜೆಪಿ ರಸ್ತೆ ಗೊತ್ತೇ ಇದೆ. ಪಂಪು, ವಾಲ್ವ್, ಪೈಪು, ಹಾರ್ಡ್‌ವೇರ್ ಸಾಮಾನುಗಳ ಅಂಗಡಿಗಳು ಅಲ್ಲಿ ಒತ್ತೊತ್ತಾಗಿವೆ. ಪೂರ್ತಿ ಮನೆಯ ಪೈಪು ಬದಲಿಸುವಷ್ಟು ಕೆಲಸವಿದ್ದರೆ, ಬಾಲ್ ವಾಲ್ವ್, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ, ಪ್ರೆಷರ್ ಪಂಪುಗಳಂಥವು ಹೆಚ್ಚು ಬೇಕಿದ್ದರೆ ಅಲ್ಲಿಗೆ ಹೋಗುವುದು ಸಾರ್ಥಕ. ಎರಡು ನಲ್ಲಿ ಒಂದು ಶವರಿಗಾಗಿ ಅಷ್ಟು ದೂರ ಹೋದರೆ ಉಳಿದ ದುಡ್ಡು ಆಟೋ ಬಾಡಿಗೆಗೆ ಸರಿಯಾಗುತ್ತದೆ. ಸಗಟು ಅಂಗಡಿಯಲ್ಲಿ ಒಮ್ಮೆ ಕೊಂಡದ್ದನ್ನು ಬದಲಿಸಿಕೊಡಿ ಎಂದು ಮತ್ತೆ ಹೋಗುವುದೂ ತ್ರಾಸದ ಕೆಲಸ. ಕಂಪನಿಯ ಹೆಸರನ್ನೇ ಹೋಲುವ ಅಕ್ಷರದ ನಕಲಿ ಮಾಲಿನ ಬಗ್ಗೆಯೂ ಕಣ್ಣಿಟ್ಟಿರಬೇಕು.

ಬಡಾವಣೆಯ ಹಾರ್ಡ್‌ವೇರ್ ಅಂಗಡಿಯನ್ನು ದುಬಾರಿ ಎಂದು ತಳ್ಳಿಹಾಕುವವರೇ ಹೆಚ್ಚು. ನಾನು ಅದನ್ನು ಒಪ್ಪುವುದಿಲ್ಲ. ಕೆಲಸದ ನಡುವೆ ಸಂಜೆ ನಾಲ್ಕಕ್ಕೆ ಒಂದು ಎಲ್ಬೋ, ಎರಡು ಎಫ್‌ಟಿಎ, ಒಂದು ಎಕ್ಸ್‌ಟೆನ್ಶನ್ ನಿಪ್ಪಲ್, ಹೀಗೆ ಪೈಪು ಜೋಡಿಸುವ ಸಣ್ಣ ತುಂಡುಗಳು ಕಡಿಮೆ ಬಿದ್ದಾಗ ಪ್ಲಂಬರ್ ಓಡುವುದು ಅಲ್ಲಿಗೇ. ಆ ಅಂಗಡಿ ಹತ್ತಿರ ಇಲ್ಲದಿದ್ದರೆ ಅರ್ಧ ದಿನದ ಕೂಲಿ ವ್ಯರ್ಥವಾಗುತ್ತದೆ. ಬಳಸದೆ ಉಳಿದ ಜೋಡಣೆಗಳನ್ನು ಪರಿಚಯದ ಅಂಗಡಿಯವರು ಮರಳಿ ತೆಗೆದುಕೊಳ್ಳುತ್ತಾರೆ. ಎಷ್ಟು ಬೇಕೆಂದು ಮೊದಲೇ ನಿಖರವಾಗಿ ಹೇಳಲಾಗದ ಸಣ್ಣ ಸಾಮಾನುಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಕೆಲಸ ಶುರುವಾಗುವ ಮೊದಲೇ ಹೋಗಿ, "ಹೀಗೆ ಕೆಲಸ ನಡೆಯುತ್ತಿದೆ, ಪ್ಲಂಬರ್ ಬಂದು ಒಯ್ಯುತ್ತಾರೆ, ಉಳಿದದ್ದನ್ನು ಕೊನೆಗೆ ಲೆಕ್ಕ ಮಾಡೋಣ" ಎಂದು ಮಾತಾಡಿಕೊಳ್ಳಿ.

ಆನ್‌ಲೈನ್‌ನಲ್ಲಿ ಮೂರನೆಯ ಪಾಲಿನ ವಸ್ತುಗಳನ್ನು ಧೈರ್ಯವಾಗಿ ತರಿಸಬಹುದು. ಕಮೋಡ್, ಬೇಸಿನ್ ಬೇಡ. ದಾರಿಯಲ್ಲಿ ಒಡೆದರೆ ಹಣ ವಾಪಸು ಬಂದೀತು, ಆದರೆ ಬಚ್ಚಲಿನ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ನಲ್ಲಿ ತರಿಸುವುದಾದರೆ ಮಾರುವವರು ಕಂಪನಿಯ ಅಧಿಕೃತ ಮಾರಾಟಗಾರರೇ, ವಾರಂಟಿ ಅಲ್ಲಿಯ ಬಿಲ್ಲಿಗೂ ಅನ್ವಯಿಸುತ್ತದೆಯೇ ಎಂದು ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ ಕೇಳಿ.

ಕೈಯಲ್ಲಿ ಹಿಡಿದು ನೋಡಿ

ಒಳ್ಳೆಯ ನಲ್ಲಿಯ ಮೈ ಹಿತ್ತಾಳೆಯದು. ಅಗ್ಗದವುಗಳಲ್ಲಿ ಸತುವಿನ ಮಿಶ್ರಲೋಹವಿರುತ್ತದೆ, ಅಥವಾ ಪ್ಲಾಸ್ಟಿಕ್ಕಿಗೆ ಕ್ರೋಮ್ ಬಳಿದಿರುತ್ತಾರೆ. ಮೇಲಿನ ಹೊಳಪು ಎಲ್ಲದಕ್ಕೂ ಒಂದೇ. ಆದ್ದರಿಂದ ನಲ್ಲಿಯನ್ನು ತಿರುಗಿಸಿ, ಗೋಡೆಗೆ ಸೇರುವ ತುದಿಯ ಒಳಬಾಯಿ ನೋಡಿ. ಕ್ರೋಮ್ ಹತ್ತದ ಜಾಗದಲ್ಲಿ ಹಿತ್ತಾಳೆಯ ಹಳದಿ ಕಾಣಬೇಕು. ತಿರುಪಿನ ಮರೆಗಳು (ಥ್ರೆಡ್) ಚೂಪಾಗಿ, ಸಮನಾಗಿ ಕೊರೆದಿರಬೇಕು. ಬಾಯಿಯ ತುದಿಯಲ್ಲಿ ನೀರಿಗೆ ಗಾಳಿ ಬೆರೆಸುವ ಜಾಲರಿಯನ್ನು, ಅಂದರೆ ಏರೇಟರನ್ನು, ಬಿಚ್ಚಿ ಮತ್ತೆ ಹಾಕಿ ನೋಡಿ. ಗಡಸು ನೀರಿನ ಮನೆಯಲ್ಲಿ ಅದನ್ನು ಆಗಾಗ ಬಿಚ್ಚಿ ತೊಳೆಯಬೇಕಾಗುತ್ತದೆ. ಎರಡು ಕಂಪನಿಗಳ ಒಂದೇ ಬಗೆಯ ನಲ್ಲಿಗಳನ್ನು ಎರಡೂ ಕೈಯಲ್ಲಿ ತೂಗಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಆಯಸ್ಕಾಂತ ಹಿಡಿದು ಪರೀಕ್ಷಿಸುವುದು ಇಲ್ಲಿ ಪ್ರಯೋಜನವಿಲ್ಲ. ಹಿತ್ತಾಳೆಗೂ ಸತುವಿಗೂ ಅದು ಅಂಟುವುದಿಲ್ಲ.

ಕಾಲು ಸುತ್ತಿನಲ್ಲಿ ತೆರೆಯುವ ನಲ್ಲಿಗಳ ಒಳಗೆ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಸೋರುವುದು, ಬಿಗಿಯಾಗುವುದು ಎಲ್ಲ ಅಲ್ಲಿಂದಲೇ. "ಇದರ ಒಳಗಿನ ಭಾಗ ಬೇರೆಯಾಗಿ ಸಿಗುತ್ತದೆಯೇ? ಈಗ ನಿಮ್ಮಲ್ಲಿ ಇದೆಯೇ? ತೋರಿಸಿ" ಎಂದು ಅಂಗಡಿಯಲ್ಲಿ ಕೇಳಿ. ಒಳಗಿನ ಗೂಡಿನಿಂದ ತೆಗೆದು ತೋರಿಸುವ ಅಂಗಡಿಗೆ ನಾನು ನೂರಿನ್ನೂರು ಹೆಚ್ಚು ಕೊಡಲು ಸಿದ್ಧ.

ಎಲ್ಲ ಕಡೆಯೂ ಹಿತ್ತಾಳೆಯೇ ಬೇಕೆಂದಿಲ್ಲ. ಹಿತ್ತಲು, ತಾರಸಿ, ಕಾರು ತೊಳೆಯುವ ಜಾಗಕ್ಕೆ ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿ ಸಾಕು. ಅದು ಕಿಲುಬು ಹಿಡಿಯುವುದಿಲ್ಲ, ಹಿತ್ತಾಳೆಗಾಗಿ ಕಳುವಾಗುವ ಭಯವೂ ಇಲ್ಲ.

ಕಮೋಡನ್ನು ಅಂಗಡಿಯ ಸಮನಾದ ನೆಲದ ಮೇಲೆ ಇಡಿಸಿ, ಎರಡು ಬದಿಯಿಂದ ಒತ್ತಿ ನೋಡಿ. ಅಲುಗಾಡಿದರೆ ಬೇಡ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಒಡಕು ದನಿ ಬಂದರೆ ಒಳಗೆ ಬಿರುಕಿದೆ. ಅಂಚಿನ ಕೆಳಗೆ, ನೀರು ಹರಿಯುವ ಬಾಯಿಯೊಳಗೆ ಕೈಯಾಡಿಸಿ ಗ್ಲೇಜ್ ನುಣುಪಾಗಿದೆಯೇ ಎಂದು ನೋಡಿ. ಸೀಟ್ ಕವರ್ ಬೇರೆಯಾಗಿ ಸಿಗುತ್ತದೆಯೇ ಎಂದು ಮರೆಯದೆ ಕೇಳಿ, ಏಕೆಂದರೆ ಮೊದಲು ಮುರಿಯುವುದು ಅದೇ. ದೊಡ್ಡ ಗುಂಡಿಗೆ 6 ಲೀಟರ್, ಚಿಕ್ಕದಕ್ಕೆ 3 ಲೀಟರ್ ಬಿಡುವ ಜೋಡಿ ಫ್ಲಶ್ ಇರುವುದನ್ನೇ ಆರಿಸಿ.

ನೀರಿನ ಮಾತು ಬಂದಾಗ, ಬೆಂಗಳೂರಿನ ಜಲಮಂಡಳಿ 2024ರ ಮಾರ್ಚ್‌ನಲ್ಲಿ, ನೀರಿನ ಬರದ ನಡುವೆ, ವಾಣಿಜ್ಯ ಸಂಸ್ಥೆಗಳು, ಅಪಾರ್ಟ್‌ಮೆಂಟ್‌ಗಳು, ಹೋಟೆಲುಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿದ್ದನ್ನು ನೆನಪಿಸಬೇಕು. ನಿಯಮ ನಿಮ್ಮ ಮನೆಗೆ ಅನ್ವಯಿಸಲಿ ಬಿಡಲಿ, ಹೊಸ ನಲ್ಲಿ ಕೊಳ್ಳುವಾಗ ಏರೇಟರ್ ಇರುವುದನ್ನೇ ಕೊಳ್ಳಿ.

ಐಎಸ್‌ಐ ಗುರುತು ಇದೆ ಎಂದು ಹೇಳಿದರೆ ಸಾಲದು. ಗುರುತಿನ ಮೇಲೆ ಮಾನದಂಡದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಹಿತ್ತಾಳೆಯ ಅಲಂಕಾರಿಕ ನಲ್ಲಿಗಳಿಗೆ ಐಎಸ್ 8931, ಕಮೋಡ್ ಬೇಸಿನ್‌ಗಳಿಗೆ ಐಎಸ್ 2556, ಸಿಪಿವಿಸಿ ಪೈಪಿಗೆ ಐಎಸ್ 15778. ಈ ಗುರುತು ಕೊಡುವ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಪರವಾನಗಿ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು, ಈಗಲೂ ಚಾಲ್ತಿಯಲ್ಲಿದೆಯೇ ಎಂದು ಅಲ್ಲೇ ನಿಂತು ನೋಡಬಹುದು. ಪೈಪಿನ ಮೇಲೆ ಎಸ್‌ಡಿಆರ್ 11 ಅಥವಾ 13.5 ಎಂದು ಅಚ್ಚಾಗಿರುತ್ತದೆ. ಅದು ಪೈಪಿನ ಅಡ್ಡಳತೆಗೂ ಗೋಡೆಯ ದಪ್ಪಕ್ಕೂ ಇರುವ ಅನುಪಾತ; ಸಂಖ್ಯೆ ಕಡಿಮೆಯಾದಷ್ಟೂ ಪೈಪಿನ ಗೋಡೆ ದಪ್ಪ. ಬಿಸಿನೀರಿನ ಲೈನಿಗೆ 11 ಇರಲಿ.

ಪ್ಲಂಬರ್ ಹೇಳಿದ ಅಂಗಡಿ

ಪ್ಲಂಬರ್ ಒಂದು ಅಂಗಡಿಯ ಹೆಸರು ಹೇಳಿದರೆ ಅಲ್ಲಿ ಅವರಿಗೆ ಏನಾದರೂ ಸಿಗುತ್ತಿರಬಹುದು. ಕೆಲವು ಕಂಪನಿಗಳು ಪ್ಲಂಬರುಗಳಿಗಾಗಿಯೇ ಪಾಯಿಂಟ್ ಯೋಜನೆಗಳನ್ನು ನಡೆಸುತ್ತವೆ, ಪೆಟ್ಟಿಗೆಯೊಳಗೆ ಕ್ಯೂಆರ್ ಕೋಡ್ ಇರುತ್ತದೆ. ಅದನ್ನು ಮೋಸ ಎಂದು ನೋಡಬೇಕಿಲ್ಲ. ಆದರೆ ಆ ಅಂಗಡಿಯ ಬೆಲೆಯನ್ನು ನಿಮ್ಮ ಬಳಿ ಇರುವ ಕೊಟೇಶನ್ ಜೊತೆ ಹೋಲಿಸಿ ನೋಡುವುದು ನಿಮ್ಮ ಹಕ್ಕು.

ನನ್ನ ಸಲಹೆ ಇದು. ಪ್ಲಂಬರಿಗೆ ಅರ್ಧ ದಿನದ ಕೂಲಿ ಕೊಟ್ಟು ನಿಮ್ಮ ಜೊತೆ ಅಂಗಡಿಗೆ ಕರೆದುಕೊಂಡು ಹೋಗಿ. ಡೈವರ್ಟರಿನ ಒಳಭಾಗವನ್ನು ಗೋಡೆಯಲ್ಲಿ ಎಷ್ಟು ಆಳಕ್ಕೆ ಇಡಬೇಕು, ವಾಲ್ ಮಿಕ್ಸರಿನ ಎರಡು ಬಾಯಿಗಳ ನಡುವಿನ 6 ಇಂಚಿನ ಅಂತರ ಹಳೆಯ ಪಾಯಿಂಟುಗಳಿಗೆ ಹೊಂದುತ್ತದೆಯೇ ಎಂಬುದು ಅವರ ಕಣ್ಣಿಗೆ ಬೇಗ ಕಾಣುತ್ತದೆ. ಸಾಮಾನು ಸಮೇತ ಗುತ್ತಿಗೆ ಕೊಟ್ಟಿದ್ದರೆ ಕಂಪನಿ, ಮಾದರಿ, ಕೋಡ್ ಎಲ್ಲವನ್ನೂ ಕರಾರಿನಲ್ಲಿ ಬರೆಸಿ, ಬಿಲ್ ನಿಮ್ಮ ಹೆಸರಿನಲ್ಲಿ ಇರಬೇಕೆಂದು ಮೊದಲೇ ಹೇಳಿ. ಬಿಲ್ ನಿಮ್ಮ ಬಳಿ ಇಲ್ಲದಿದ್ದರೆ ವಾರಂಟಿ ಕೇಳುವುದು ಹೇಗೆ?

ರಿಯಾಯಿತಿಯ ಲೆಕ್ಕ

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಆದರೂ ಕೊಟೇಶನ್ನಿನ ಕೊನೆಯಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂಬ ಸಾಲು ಕಾಣಿಸಿಕೊಳ್ಳುವುದುಂಟು. 4,000 ರೂಪಾಯಿ ಎಂಆರ್‌ಪಿಯ ಮಿಕ್ಸರಿಗೆ ಶೇ 30 ರಿಯಾಯಿತಿ ಎಂದರೆ 2,800. ಅದರ ಮೇಲೆ ಶೇ 18ರ ಜಿಎಸ್‌ಟಿ 504 ಸೇರಿಸಿದರೆ ನೀವು ಕೊಡುವುದು 3,304. ಅಲ್ಲಿಗೆ ನಿಜವಾದ ರಿಯಾಯಿತಿ ಶೇ 17 ಚಿಲ್ಲರೆ. ಇನ್ನೊಂದು ಅಂಗಡಿ ತೆರಿಗೆ ಸೇರಿಸಿಯೇ ಶೇ 22 ರಿಯಾಯಿತಿ ಕೊಡುತ್ತಿದ್ದರೆ ಅದೇ ಅಗ್ಗ. ಎಲ್ಲ ಅಂಗಡಿಗಳಲ್ಲೂ ಒಂದೇ ಪ್ರಶ್ನೆ ಕೇಳಿ: ತೆರಿಗೆ, ಸಾಗಣೆ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟು?

ಬಿಲ್ ಇಲ್ಲದೆ ಕೊಂಡರೆ ಇನ್ನಷ್ಟು ಕಡಿಮೆ ಎನ್ನುವವರಿದ್ದಾರೆ. ಮೊದಲ ಎರಡು ಪಾಲಿನ ವಸ್ತುಗಳಿಗೆ ಅದನ್ನು ಖಂಡಿತ ಒಪ್ಪಬೇಡಿ. ಪ್ರತಿ ವಸ್ತುವಿನ ಕೋಡ್ ಬಿಲ್ಲಿನಲ್ಲಿ ನಮೂದಾಗಿರಲಿ. "ಸ್ಯಾನಿಟರಿ ಸಾಮಾನು" ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲಿನಿಂದ ಪ್ರಯೋಜನವಿಲ್ಲ. ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ ಯಾವುದಕ್ಕೆ ಇಲ್ಲ ಎಂಬುದನ್ನೂ ಓದಿ. ಗಡಸು ನೀರಿನ ಪೊರೆ, ಆ್ಯಸಿಡ್ ತಾಗಿ ಹೋದ ಕ್ರೋಮ್ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

ಮಾಲು ಮನೆಗೆ ಬಂದ ಮೇಲೆ

ಪೆಟ್ಟಿಗೆಗಳನ್ನು ಅಂದೇ ತೆರೆದು, ಕೋಡ್‌ಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡಿ. ಆನ್‌ಲೈನ್ ಪೆಟ್ಟಿಗೆಯಾದರೆ ತೆರೆಯುವಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಪೈಪಿನ ಕೆಲಸ ಮುಗಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ಲೈನಿಗೆ ಒತ್ತಡ ಹಾಕಿ ಪರೀಕ್ಷಿಸಲು ಪ್ಲಂಬರಿಗೆ ಹೇಳಿ. ಅದೇ ಹೊತ್ತಿನಲ್ಲಿ ಗೋಡೆಗೆ ಟೇಪು ಹಿಡಿದು ಪೈಪುಗಳ ಫೋಟೋ ತೆಗೆದಿಡಿ. ಮುಂದೆ ಕೊಕ್ಕೆಗೆಂದು ಗೋಡೆ ಕೊರೆಯುವಾಗ ಅದೇ ದಿಕ್ಕು ತೋರಿಸುತ್ತದೆ. ಬಿಲ್, ವಾರಂಟಿ ಕಾರ್ಡ್, ಮಾದರಿಗಳ ಕೋಡ್ ಎಲ್ಲವನ್ನೂ ಒಂದೇ ಕವರಿನಲ್ಲಿ ಇಡಿ.

ಕಮೋಡ್ ಕೂರಿಸಿದ ವಾರದೊಳಗೆ ಎಲ್ಲವನ್ನೂ ಚೆನ್ನಾಗಿ ಬಳಸಿ ನೋಡಿ. ಸಿಸ್ಟರ್ನಿನಿಂದ ಕಮೋಡಿಗೆ ನೀರು ಜಿನುಗುತ್ತಿದೆಯೇ ಎಂದು ತಿಳಿಯಲು, ಸಿಸ್ಟರ್ನಿನ ನೀರಿಗೆ ಸ್ವಲ್ಪ ಅರಿಸಿನ ಅಥವಾ ಅಡುಗೆ ಬಣ್ಣ ಕಲಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ವಾಲ್ವ್ ಸೋರುತ್ತಿದೆ ಎಂದರ್ಥ. ದೋಷವಿರುವುದು ಕಂಡರೆ ತಡ ಮಾಡದೆ ಅಂಗಡಿಗೆ ಲಿಖಿತವಾಗಿ ತಿಳಿಸಿ, ವಾಟ್ಸ್ಆ್ಯಪ್ ಸಂದೇಶವಾದರೂ ಸರಿ. ಮಾರಿದ ಮಾಲು ವಾಪಸಿಲ್ಲ ಎಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೆ ಹೆದರಬೇಕಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯೇ ಇಲ್ಲದಿದ್ದರೆ 30 ದಿನಗಳೊಳಗೆ, ಮರಳಿ ಪಡೆಯಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಅಂಗಡಿಯವರು ಆಮೇಲೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ಲಿನ ಸಂಖ್ಯೆ ಕೊಟ್ಟು ದೂರು ದಾಖಲಿಸಿ.